ಅನಾಥಾಲಯಗಳ ಪರವಾನಗಿ: ಮೊಹರು ಸರ್ಕಾರದ್ದು, ಹೊಣೆ ಯಾರದು?

ಪೇಟೆಯಲ್ಲಿ ಒಂದು ಹೋಟೆಲು ತೆರೆಯಬೇಕಾದರೆ ಪುರಸಭೆಯ ಲೈಸೆನ್ಸು ಬೇಕು. ರೈತನಿಗೆ ಗೊಬ್ಬರ ಮಾರಬೇಕಾದರೆ ಕೃಷಿ ಇಲಾಖೆಯ ಲೈಸೆನ್ಸು ಬೇಕು. ಪರರ ಮಕ್ಕಳನ್ನು ಹಗಲೂ ರಾತ್ರಿ ತಮ್ಮ ಸೂರಿನಡಿ ಇಟ್ಟುಕೊಂಡು ಸಾಕುತ್ತೇವೆನ್ನುವ ಖಾಸಗಿ ಸಂಸ್ಥೆಗಳಿಗೂ ಲೈಸೆನ್ಸು ಬೇಕೆಂದು ನಮ್ಮ ಪಾರ್ಲಿಮೆಂಟು ೧೯೫೬ರಲ್ಲಿಯೇ ಕಾಯಿದೆ ಮಾಡಿತು. ಆದರೆ ಇವುಗಳ ನಡುವೆ ಒಂದು ವ್ಯತ್ಯಾಸವಿದೆ. ಹೋಟೆಲಿನ ಲೈಸೆನ್ಸು ರದ್ದಾದರೆ ಬಾಗಿಲಿಗೆ ಬೀಗ ಬೀಳುತ್ತದೆ, ಗಿರಾಕಿ ಪಕ್ಕದ ಹೋಟೆಲಿಗೆ ಹೋಗುತ್ತಾನೆ. ಅನಾಥಾಲಯದ ಲೈಸೆನ್ಸು ರದ್ದಾದರೆ ಅಲ್ಲಿರುವ ಮಕ್ಕಳು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಸಿದ್ಧವಿಟ್ಟುಕೊಳ್ಳದ ಸರ್ಕಾರ ಎಷ್ಟು ಕಾಯಿದೆ ಮಾಡಿದರೂ ಮಕ್ಕಳಿಗೆ ರಕ್ಷಣೆ ಸಿಗಲಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಕಾಯಿದೆಗಳಿಗೆ ನಮ್ಮಲ್ಲಿ ಎಂದೂ ಬರವಿರಲಿಲ್ಲ. ೧೯೫೬ರಲ್ಲಿ ಸ್ತ್ರೀಯರ ಮತ್ತು ಮಕ್ಕಳ ಸಂಸ್ಥೆಗಳ ಲೈಸೆನ್ಸು ಕಾಯಿದೆ ಬಂತು. ೧೯೬೦ರಲ್ಲಿ ಅನಾಥಾಲಯಗಳ ಹಾಗೂ ಧರ್ಮಾರ್ಥ ಗೃಹಗಳ ಮೇಲ್ವಿಚಾರಣೆಗೆಂದು ಮತ್ತೊಂದು ಕಾಯಿದೆ ಬಂತು. ರಾಜ್ಯಕ್ಕೊಂದು ನಿಯಂತ್ರಣ ಮಂಡಳಿ ಇರತಕ್ಕದ್ದೆಂದು ಅದು ವಿಧಿಸಿತು. ಆ ಮಂಡಳಿಯಲ್ಲಿ ಶಾಸಕರಿದ್ದರು, ಸರ್ಕಾರ ನೇಮಿಸಿದವರಿದ್ದರು. ಜೊತೆಗೆ, ಯಾವ ಸಂಸ್ಥೆಗಳ ಮೇಲೆ ಕಣ್ಣಿಡಬೇಕೋ ಅವೇ ಸಂಸ್ಥೆಗಳ ಆಡಳಿತ ಮಂಡಳಿಗಳಿಂದ ಬಂದವರಿಗೂ ಕುರ್ಚಿಯಿತ್ತು! ೧೯೮೬ರಲ್ಲಿ ಒಂದು ಬಾಲನ್ಯಾಯ ಕಾಯಿದೆ, ೨೦೦೦ದಲ್ಲಿ ಇನ್ನೊಂದು. ಮಕ್ಕಳನ್ನಿಟ್ಟುಕೊಂಡ ಎಲ್ಲ ಸಂಸ್ಥೆಗಳೂ ಆರು ತಿಂಗಳೊಳಗೆ ನೋಂದಾಯಿಸಿಕೊಳ್ಳಬೇಕೆಂದು ೨೦೦೬ರಲ್ಲಿ ತಿದ್ದುಪಡಿಯಾಯಿತು. ಒಂಬತ್ತು ವರ್ಷಗಳ ಮೇಲೆ, ೨೦೧೫ರ ಹೊಸ ಕಾಯಿದೆ ಮತ್ತೆ ಅದೇ ಮಾತನ್ನು ಹೇಳಿತು: ಆರು ತಿಂಗಳೊಳಗೆ ನೋಂದಣಿಯಾಗಬೇಕು. ೨೦೧೭ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇದೇ ಕೆಲಸಕ್ಕೆ ಆ ವರ್ಷದ ಕೊನೆಯ ದಿನದ ಗಡುವು ಹಾಕಬೇಕಾಯಿತು. ಒಂದೇ ಗಡುವನ್ನು ಮೂರು ಸಲ ಹಾಕಬೇಕಾಯಿತೆಂದರೆ ಮೊದಲ ಎರಡು ಸಲ ಏನಾಯಿತೆಂಬುದನ್ನು ಓದುಗರು ಊಹಿಸಬಹುದು.

೨೦೧೫ರ ಕಾಯಿದೆಯನ್ನು ಓದಿದವರು ಅದು ಕೆಟ್ಟ ಕಾಯಿದೆಯೆಂದು ಹೇಳಲಾರರು. ಸರ್ಕಾರದ ಅನುದಾನ ಪಡೆಯಲಿ ಬಿಡಲಿ, ಮಕ್ಕಳನ್ನು ಪೂರ್ಣವಾಗಿಯಾಗಲಿ ಭಾಗಶಃವಾಗಿಯಾಗಲಿ ಇರಿಸಿಕೊಳ್ಳುವ ಎಲ್ಲ ಪಾಲನಾ ಸಂಸ್ಥೆಗಳಿಗೂ ನೋಂದಣಿ ಕಡ್ಡಾಯ ಎನ್ನುತ್ತದೆ ಅದರ ೪೧ನೇ ಕಲಮು. ನೋಂದಣಿಯ ಅವಧಿ ಐದು ವರ್ಷ. ನೋಂದಣಿಯಿಲ್ಲದೆ ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೆ ಎರಡೂ. ಮೂವತ್ತು ದಿನ ತಡವಾದಂತೆಲ್ಲ ಅದು ಬೇರೆಯೇ ಅಪರಾಧ. ತನಿಖಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಪ್ರತಿಯೊಂದು ಗೃಹಕ್ಕೂ ಹೋಗಿ ನೋಡಬೇಕು. ಹೋಗುವ ಮೂವರಲ್ಲಿ ಒಬ್ಬ ಹೆಂಗಸು, ಒಬ್ಬ ವೈದ್ಯಾಧಿಕಾರಿ ಇರಲೇಬೇಕು. ೨೦೧೬ರ ಮಾದರಿ ನಿಯಮಗಳು ಮಗುವೊಂದಕ್ಕೆ ಮಲಗಲು ನಲವತ್ತು ಚದರಡಿ ಜಾಗ, ಏಳು ಮಕ್ಕಳಿಗೊಂದು ಪಾಯಿಖಾನೆ, ಹತ್ತು ಮಕ್ಕಳಿಗೊಂದು ಸ್ನಾನದ ಮನೆ ಎಂದು ಲೆಕ್ಕ ಹಾಕಿಕೊಟ್ಟಿವೆ. ಇವೆಲ್ಲ ಬೇಕಾದವೇ. ನಲವತ್ತು ಮಕ್ಕಳಿಗೆ ಎರಡು ಪಾಯಿಖಾನೆಯಿರುವ ಗೃಹವನ್ನು ಧರ್ಮಕಾರ್ಯವೆಂದು ಹೊಗಳುವವರ ಜೊತೆ ನಮಗೆ ವಾದವೇ ಇಲ್ಲ.

ಆದರೆ ಕಾಗದದ ಮೇಲಿನ ಕಾಯಿದೆ ಬೇರೆ, ನೆಲದ ಮೇಲಿನ ಸ್ಥಿತಿ ಬೇರೆ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆಯ ಸಮಿತಿಯೊಂದು ದೇಶದಾದ್ಯಂತ ಇಂಥ ಗೃಹಗಳ ಎಣಿಕೆ ಮಾಡಿ ೨೦೧೮ರಲ್ಲಿ ವರದಿ ಕೊಟ್ಟಿತು. ಲೆಕ್ಕಕ್ಕೆ ಸಿಕ್ಕಿದ ಗೃಹಗಳು ೯,೫೮೯. ಅವುಗಳಲ್ಲಿದ್ದ ಮಕ್ಕಳು ಮೂರೂಮುಕ್ಕಾಲು ಲಕ್ಷ. ಈ ಗೃಹಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಖಾಸಗಿ ಸಂಸ್ಥೆಗಳು ನಡೆಸುವಂಥವು. ಸರ್ಕಾರ ತಾನೇ ನಡೆಸುವುದು ಹತ್ತಕ್ಕೊಂದೂ ಸರಿಯಾಗಿ ಇರಲಿಲ್ಲ. ೨೦೧೬ರ ವೇಳೆಗೆ ಬಾಲನ್ಯಾಯ ಕಾಯಿದೆಯಡಿ ನೋಂದಣಿಯಾಗಿದ್ದವು ಕೇವಲ ಶೇಕಡಾ ೩೨. ಸರ್ಕಾರ ತನ್ನ ಹೊಣೆಯನ್ನು ಎಷ್ಟರಮಟ್ಟಿಗೆ ಪರರ ಹೆಗಲಿಗೆ ದಾಟಿಸಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಸಾಕುವ ಕೆಲಸ ಪರರದು. ಸರ್ಕಾರ ತನಗೆಂದು ಉಳಿಸಿಕೊಂಡದ್ದು ರಬ್ಬರು ಮೊಹರೊಂದನ್ನೇ.

ಆ ಮೊಹರಿನ ಯೋಗ್ಯತೆಯೇನೆಂಬುದು ಬಿಹಾರದ ಮುಜಫ್ಫರಪುರದಲ್ಲಿ ಬಯಲಾಯಿತು. ಅಲ್ಲಿನ ಬಾಲಿಕಾಗೃಹ ಕದ್ದುಮುಚ್ಚಿ ನಡೆಯುತ್ತಿದ್ದ ಮನೆಯಲ್ಲ. ಸರ್ಕಾರದ ಹಣದಿಂದಲೇ ಒಂದು ಖಾಸಗಿ ಸಂಸ್ಥೆ ಅದನ್ನು ನಡೆಸುತ್ತಿತ್ತು. ಅಧಿಕಾರಿಗಳು ಹೋಗಿ ಬರುತ್ತಿದ್ದರು, ದಫ್ತರಗಳಿಗೆ ಸಹಿ ಬೀಳುತ್ತಿತ್ತು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಬಿಹಾರದ ಸುಮಾರು ೧೧೦ ಗೃಹಗಳ ಸಾಮಾಜಿಕ ಲೆಕ್ಕಪರಿಶೋಧನೆ ಮಾಡಿದಾಗ, ೨೦೧೮ರಲ್ಲಿ, ಒಳಗಿನ ಹೆಣ್ಣುಮಕ್ಕಳ ಮೇಲೆ ನಡೆಯುತ್ತಿದ್ದ ಅತ್ಯಾಚಾರ ಹೊರಬಿತ್ತು. ಉಳಿದ ೧೬ ಗೃಹಗಳ ವಿಚಾರವನ್ನೂ ಸುಪ್ರೀಂ ಕೋರ್ಟು ಸಿ.ಬಿ.ಐ.ಗೆ ಒಪ್ಪಿಸಿತು. ೨೦೨೦ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ ೧೯ ಜನರನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಆ ಹತ್ತೊಂಬತ್ತು ಜನರಲ್ಲಿ ಗೃಹ ನಡೆಸಿದವರಷ್ಟೇ ಇರಲಿಲ್ಲ. ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಕುಳಿತಿದ್ದವರೂ ಇದ್ದರು, ಮಕ್ಕಳ ರಕ್ಷಣೆಗೆಂದೇ ನೇಮಕವಾದ ಅಧಿಕಾರಿಯೂ ಇದ್ದ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು.

ಇದರಿಂದ ಕಲಿಯಬೇಕಾದ ಪಾಠ ಸರಳವಾದದ್ದು. ದಫ್ತರ ನೋಡಲು ಹೋದವನಿಗೆ ದಫ್ತರ ಕಾಣುತ್ತದೆ, ಅಷ್ಟೆ. ಮಕ್ಕಳ ಪಕ್ಕದಲ್ಲಿ ಕುಳಿತು, ಗೃಹದ ಯಜಮಾನ ಎದುರಿಗಿಲ್ಲದ ಹೊತ್ತಿನಲ್ಲಿ ಅವರ ಮಾತು ಕೇಳಿದವರಿಗೆ ಮಾತ್ರ ಸತ್ಯ ಗೊತ್ತಾಗುತ್ತದೆ. ಜೀಪು ಗೇಟಿನ ಬಳಿ ನಿಂತ ಕೂಡಲೇ ಒಳಗೆ ಹೊಸ ಚಾಪೆ ಹಾಸುವುದು, ಮಕ್ಕಳಿಗೆ ಒಗೆದ ಅಂಗಿ ತೊಡಿಸಿ ಸಾಲಾಗಿ ನಿಲ್ಲಿಸುವುದು, ಸಾಹೇಬರಿಗೆ ಹಾರ ತಂದು ಹಾಕುವುದು — ಇಂಥ ತನಿಖೆಯಿಂದ ಯಾವ ಮಗುವಿಗೂ ಮೂರು ಕಾಸಿನ ಪ್ರಯೋಜನವಿಲ್ಲ.

ಅದೇ ೨೦೧೮ರ ಆಗಸ್ಟಿನಲ್ಲಿ ಉತ್ತರ ಪ್ರದೇಶದ ದೇವರಿಯಾದ ಗೃಹವೊಂದರಿಂದ ಪೊಲೀಸರು ೨೪ ಹುಡುಗಿಯರನ್ನು ಹೊರಕ್ಕೆ ಕರೆತಂದರು. ಆ ಗೃಹದ ಮಾನ್ಯತೆ ೨೦೧೭ರಲ್ಲಿಯೇ ರದ್ದಾಗಿತ್ತು. ಆದರೂ ಗೃಹ ನಡೆದೇ ಇತ್ತು. ಪೊಲೀಸರೇ ಹುಡುಗಿಯರನ್ನು ಅಲ್ಲಿಗೆ ತಂದುಬಿಡುತ್ತಿದ್ದರೆಂಬ ಸಂಗತಿ ಹೈಕೋರ್ಟಿನ ಪ್ರಶ್ನೆಗೆ ಗುರಿಯಾಯಿತು. ಲೈಸೆನ್ಸು ರದ್ದು ಮಾಡಿದ ಕೈಯೂ ಸರ್ಕಾರದ್ದೇ, ಮಕ್ಕಳನ್ನು ತಂದುಬಿಟ್ಟ ಕೈಯೂ ಸರ್ಕಾರದ್ದೇ. ಹೀಗೇಕಾಗುತ್ತದೆ? ರಾತ್ರಿ ಹನ್ನೊಂದು ಗಂಟೆಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಹುಡುಗಿಯನ್ನು ಪೊಲೀಸಿನವನು ಎಲ್ಲಿಗೆ ಕರೆದೊಯ್ಯಬೇಕು? ಸರ್ಕಾರದ ಸ್ವಂತ ಗೃಹ ದೂರದಲ್ಲಿದೆ, ಇಲ್ಲವೆ ಅಲ್ಲಿ ಜಾಗವಿಲ್ಲ. ಖಾಸಗಿ ಗೃಹ ಬಾಗಿಲು ತೆರೆದು ನಿಂತಿದೆ. ನಾಳೆಯೂ, ನಾಳಿದ್ದೂ ಅದೇ ಬಾಗಿಲನ್ನು ತಟ್ಟಬೇಕಾದ ಇಲಾಖೆ ಆ ಬಾಗಿಲಿಗೆ ಬೀಗ ಹಾಕೀತೆಂದು ನಂಬುವುದು ಹೇಗೆ?

ಲೈಸೆನ್ಸು ಪದ್ಧತಿಯ ಬುಡದಲ್ಲಿರುವ ಹುಳುಕು ಇದೇ. ರದ್ದು ಮಾಡಿದ ಮೇಲೆ ಗೃಹವನ್ನು ಸರ್ಕಾರವೇ ವಹಿಸಿಕೊಂಡು ನಡೆಸಬೇಕೆಂದು ೪೧ನೇ ಕಲಮೇ ಹೇಳುತ್ತದೆ. ಆದರೆ ವಹಿಸಿಕೊಳ್ಳಲು ಜನ ಬೇಕು, ಹಾಸಿಗೆ ಬೇಕು, ಅಡಿಗೆಯವರು ಬೇಕು, ಮಕ್ಕಳ ಜೊತೆ ರಾತ್ರಿ ಮಲಗುವ ಪಾಲಕಿಯರು ಬೇಕು. ಅದಾವುದೂ ಇಲ್ಲದ ಇಲಾಖೆ ನೋಟೀಸಿನ ಮೇಲೆ ನೋಟೀಸು ಕೊಡುತ್ತದೆ, ಯಜಮಾನ ಉತ್ತರದ ಮೇಲೆ ಉತ್ತರ ಬರೆಯುತ್ತಾನೆ, ಫೈಲು ದಪ್ಪವಾಗುತ್ತದೆ, ಮಗು ಇದ್ದಲ್ಲೇ ಇರುತ್ತದೆ. ೨೦೨೧ರ ತಿದ್ದುಪಡಿ ನೋಂದಣಿಗೆ ಜಿಲ್ಲಾಧಿಕಾರಿಯ ಶಿಫಾರಸು ಬೇಕೆಂದು ಸೇರಿಸಿತು. ಬರ, ನೆರೆ, ಚುನಾವಣೆ, ಭೂದಾಖಲೆಗಳ ನಡುವೆ ಹೂತುಹೋಗಿರುವ ಒಬ್ಬ ಅಧಿಕಾರಿಯ ಮೇಜಿನ ಮೇಲೆ ಇನ್ನೊಂದು ಫೈಲನ್ನಿಟ್ಟರೆ ಮಕ್ಕಳ ಗತಿ ಸುಧಾರಿಸುವುದೆಂದು ನಮಗೆ ತೋರುವುದಿಲ್ಲ.

ನಮ್ಮ ಆಡಳಿತ ಸಡಿಲವಾದ್ದರಿಂದ ಹೀಗೆ, ಮುಂದುವರಿದ ದೇಶಗಳಲ್ಲಿ ಹೀಗಿಲ್ಲವೆಂದು ಕೆಲವರು ಹೇಳಬಹುದು. ಅವರು ಇಂಗ್ಲೆಂಡಿನತ್ತ ನೋಡಲಿ. ಅಲ್ಲಿ ತನಿಖೆ ಬಿಗಿಯಾಗಿದೆ. ಪ್ರತಿ ಗೃಹದ ತನಿಖಾ ವರದಿಯನ್ನು ಅಚ್ಚು ಹಾಕಿ ಜನರ ಮುಂದಿಡುತ್ತಾರೆ. ಆದರೂ ಅಲ್ಲಿನ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಗೃಹಗಳನ್ನು ಮುಚ್ಚುತ್ತಾ ಬಂದು, ಮಕ್ಕಳ ಗೃಹಗಳಲ್ಲಿ ಹೆಚ್ಚಿನವು ಲಾಭಕ್ಕಾಗಿ ದುಡಿಯುವ ಕಂಪನಿಗಳ ಕೈಸೇರಿದವು. ೨೦೨೨ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ವಿಚಾರಣೆ ಮಾಡಿದಾಗ ದೊಡ್ಡ ಕಂಪನಿಗಳು ಈ ಗೃಹಗಳಿಂದ ನೂರಕ್ಕೆ ಸರಾಸರಿ ೨೨ಕ್ಕೂ ಮಿಕ್ಕಿ ಲಾಭ ಎತ್ತುತ್ತಿದ್ದುದು ಕಂಡುಬಂತು. ಬೇರೆ ದಾರಿಯಿಲ್ಲದ ಸ್ಥಳೀಯ ಸಂಸ್ಥೆಗಳು ಕೇಳಿದಷ್ಟು ತೆತ್ತವು. ಪಕ್ಕದ ವೇಲ್ಸ್ ೨೦೨೫ರಲ್ಲಿ ಕಾಯಿದೆ ಮಾಡಿ, ಇಂಥ ಮಕ್ಕಳ ಪಾಲನೆಯಿಂದ ಖಾಸಗಿ ಲಾಭವನ್ನು ಹಂತಹಂತವಾಗಿ ತೆಗೆದುಹಾಕುವ ದಾರಿ ಹಿಡಿಯಿತು. ಅಲ್ಲಿ ಕಂಪನಿ, ಇಲ್ಲಿ ಟ್ರಸ್ಟು. ಅಲ್ಲಿ ಲಾಭ, ಇಲ್ಲಿ ದೇಣಿಗೆ. ಆದರೆ ಸ್ವಂತ ಹಾಸಿಗೆಯಿಲ್ಲದ ಸರ್ಕಾರ ಎರಡು ಕಡೆಯೂ ಅಸಹಾಯವಾಯಿತು.

ಈಗ ಇನ್ನೂ ಆಳವಾದ ಒಂದು ಪ್ರಶ್ನೆಗೆ ಬರೋಣ. ಈ ಮಕ್ಕಳು ಯಾರು? ಅನಾಥರೇ? ೨೦೨೦ರಲ್ಲಿ ಕೋವಿಡ್ ಬಂದಾಗ, ಯಾರೂ ಬಯಸದ ರೀತಿಯಲ್ಲಿ, ಇದಕ್ಕೆ ಉತ್ತರ ಸಿಕ್ಕಿತು. ಆ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕ ಹೀಗಿತ್ತು: ಗೃಹಗಳಲ್ಲಿದ್ದ ೨,೨೭,೫೧೮ ಮಕ್ಕಳ ಪೈಕಿ ೧,೪೫,೭೮೮ ಮಕ್ಕಳನ್ನು ತಂದೆತಾಯಿ ಅಥವಾ ಪೋಷಕರ ಬಳಿಗೆ ಕಳಿಸಲಾಗಿದೆ. ಮೂವರಲ್ಲಿ ಸುಮಾರು ಇಬ್ಬರಿಗೆ ಹೋಗಲು ಮನೆಯಿತ್ತು! ಅದಕ್ಕೆ ಕೆಲವೇ ತಿಂಗಳ ಮುಂಚೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಗೃಹಗಳಲ್ಲಿರುವ ಮಕ್ಕಳನ್ನು ಕುಟುಂಬಗಳಿಗೆ ಸೇರಿಸುವಂತೆ ಎಂಟು ರಾಜ್ಯಗಳಿಗೆ ಬರೆಯಿತು. ದೇಶದ ಗೃಹಗಳಲ್ಲಿರುವ ಮಕ್ಕಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನ ಆ ಎಂಟು ರಾಜ್ಯಗಳಲ್ಲಿದ್ದರು. ಆ ಎಂಟರಲ್ಲಿ ನಮ್ಮ ಕರ್ನಾಟಕವೂ ಒಂದು.

ಹಾಗಾದರೆ ಮನೆಯಿದ್ದ ಮಗು ಅನಾಥಾಲಯಕ್ಕೆ ಏಕೆ ಬಂತು? ಗಂಡ ಸತ್ತ ತಾಯಿಗೆ ಕೂಲಿಗೆ ಹೋಗುವಾಗ ಮಗುವನ್ನು ಬಿಟ್ಟುಹೋಗಲು ಜಾಗವಿಲ್ಲ. ಮಳೆ ಕೈಕೊಟ್ಟ ವರ್ಷ ಯಾದಗಿರಿ, ರಾಯಚೂರು, ಕಲಬುರಗಿಯ ಕಡೆಯ ಕುಟುಂಬ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತದೆ. ಅಲ್ಲಿನ ತಗಡಿನ ಶೆಡ್ಡಿನಲ್ಲಿ ಬೆಳೆಯುತ್ತಿರುವ ಹೆಣ್ಣುಮಗುವನ್ನು ಇಟ್ಟುಕೊಳ್ಳಲು ತಾಯಿ ಹೆದರುತ್ತಾಳೆ. ಊರಿನಲ್ಲಿ ಹೈಸ್ಕೂಲಿಲ್ಲ. "ಅಲ್ಲಿ ಬಿಟ್ಟರೆ ಎರಡು ಹೊತ್ತು ಊಟ, ನಾಲ್ಕು ಅಕ್ಷರ" ಎಂಬ ಮಾತನ್ನು ನಂಬಿ ತಾಯಿ ಮಗುವಿನ ಕೈ ಬಿಡಿಸಿಕೊಳ್ಳುತ್ತಾಳೆ. ಮಗುವಿನ ಗುರುತಿನ ಚೀಟಿಯಲ್ಲಿ ಬರೆಯಬೇಕಾದದ್ದು ಬಡತನ, ಬರೆದದ್ದು ಅನಾಥ. ಲೈಸೆನ್ಸು ಕೊಡುವ ಅಧಿಕಾರಿ ಪಾಯಿಖಾನೆ ಎಣಿಸುತ್ತಾನೆ, ಚದರಡಿ ಅಳೆಯುತ್ತಾನೆ. "ಈ ಮಗು ಇಲ್ಲಿಗೆ ಏಕೆ ಬಂತು, ಹಿಂದಕ್ಕೆ ಹೋಗಲು ಏನು ಬೇಕು?" ಎಂದು ಕೇಳುವುದಿಲ್ಲ. ಕಾಯಿದೆ ಇದನ್ನು ಕೇಳಲೇಬೇಕೆನ್ನುತ್ತದೆ. ಮಗುವನ್ನು ಗೃಹದಲ್ಲಿ ಇರಿಸುವುದು ಕಟ್ಟಕಡೆಯ ದಾರಿಯಾಗಬೇಕೆಂಬುದು ಅದರ ಮೂಲತತ್ವಗಳಲ್ಲೊಂದು.

ಗೃಹಗಳಿಂದ ಮರಳಿದ ಪ್ರತಿ ಮಗುವಿನ ಓದಿಗೆ ತಿಂಗಳಿಗೆ ೨,೦೦೦ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಆ ಡಿಸೆಂಬರಿನಲ್ಲಿ ಆಜ್ಞೆ ಮಾಡಿತು. ೨೦೨೨ರ ಮಿಷನ್ ವಾತ್ಸಲ್ಯ ಯೋಜನೆಯ ನಿಯಮಗಳು, ಮಗುವನ್ನು ಕುಟುಂಬದಲ್ಲಿಯೇ ಉಳಿಸಲು ತಿಂಗಳಿಗೆ ೪,೦೦೦ ರೂಪಾಯಿಯ ಪ್ರಾಯೋಜಕತ್ವ ಎಂದು ನಿಗದಿ ಮಾಡಿದವು. ಇದು ಸರಿಯಾದ ದಾರಿ. ಆದರೆ ಕುಟುಂಬದ ವರ್ಷದ ವರಮಾನ ಹಳ್ಳಿಯಲ್ಲಿ ೭೨,೦೦೦ ರೂಪಾಯಿ ದಾಟಬಾರದು, ಪಟ್ಟಣದಲ್ಲಿ ೯೬,೦೦೦ ದಾಟಬಾರದು ಎಂಬ ಗೆರೆಯನ್ನೂ ಎಳೆದರು. ತಿಂಗಳಿಗೆ ಆರು ಸಾವಿರ! ಮನೆಯಲ್ಲಿ ಇಬ್ಬರು ಕೂಲಿಗೆ ಹೋದರೆ ಸುಲಭವಾಗಿ ಈ ಗೆರೆ ದಾಟುತ್ತದೆ. ಬಡತನ ಮಾತ್ರ ಗೆರೆಯ ಎರಡೂ ಕಡೆ ಒಂದೇ ಆಗಿರುತ್ತದೆ. ತಾಯಿಗೆ ಕೊಡುವಾಗ ಪೈಸೆ ಪೈಸೆ ಎಣಿಸುವ ವ್ಯವಸ್ಥೆ, ಆ ತಾಯಿಯಿಂದ ಮಗುವನ್ನು ಬೇರೆ ಮಾಡಿ ಸಾಕುವುದಕ್ಕೆ ಮಾತ್ರ ಕಟ್ಟಡ, ನೌಕರರು, ಫೈಲುಗಳಿಗೆ ಧಾರಾಳವಾಗಿ ಖರ್ಚು ಮಾಡುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. "ಸರ್ಕಾರ ಕೈಬಿಟ್ಟಾಗ ಮಕ್ಕಳಿಗೆ ಅನ್ನ ಹಾಕಿದವರು ನಾವು. ನಮ್ಮ ಮೇಲೆಯೇ ಈ ಕಾಯಿದೆಗಳೆ?" ಎಂದು ಧರ್ಮಸಂಸ್ಥೆಗಳವರು ಕೇಳುತ್ತಾರೆ. ಇದು ಅಲ್ಲಗಳೆಯುವ ಮಾತಲ್ಲ. ತುಮಕೂರಿನ ಸಿದ್ಧಗಂಗೆಯಂಥ ಮಠಗಳಲ್ಲಿ ಉಂಡು ಓದಿದ ಸಾವಿರಾರು ಬಡ ಹುಡುಗರು ನಾಡಿನ ಉದ್ದಗಲಕ್ಕೂ ಇದ್ದಾರೆ. ಊರೂರಿನ ಉಚಿತ ವಿದ್ಯಾರ್ಥಿನಿಲಯಗಳು ಸರ್ಕಾರ ಮಾಡಬೇಕಾಗಿದ್ದ ಕೆಲಸವನ್ನು ಮಾಡಿವೆ. ಆ ಉಪಕಾರವನ್ನು ನಾವು ನೆನೆಯುತ್ತೇವೆ. ಆದರೆ ಉಪಕಾರ ಮಾಡಿದವರಿಗೆ ಲೆಕ್ಕ ಕೊಡುವುದರಿಂದ ವಿನಾಯಿತಿಯಿಲ್ಲ. ಒಳ್ಳೆಯ ಸಂಸ್ಥೆಗೆ ತನಿಖೆಯಿಂದ ನಷ್ಟವೂ ಇಲ್ಲ. ಕೆಟ್ಟದ್ದು ಒಳ್ಳೆಯದರ ಹೆಸರಿನಲ್ಲಿ ಮರೆಯಾಗುವುದನ್ನು ತಡೆಯಬಹುದು. ಬೋರ್ಡಿನ ಮೇಲೆ ಅನಾಥಾಲಯವೆಂದು ಬರೆದರೆ ಕಾಯಿದೆ, ಗುರುಕುಲವೆಂದೋ ವಸತಿನಿಲಯವೆಂದೋ ಬರೆದರೆ ಕಾಯಿದೆಯಿಲ್ಲ ಎಂಬ ನುಸುಳುದಾರಿ ಮುಚ್ಚಬೇಕು. ಆಸರೆ ಬೇಕಾದ ಮಕ್ಕಳು ಯಾರೆಂಬುದನ್ನು ಸಂಕುಚಿತವಾಗಿ ಅರ್ಥ ಮಾಡಬಾರದೆಂದು ಸುಪ್ರೀಂ ಕೋರ್ಟು ೨೦೧೭ರಲ್ಲಿಯೇ ಹೇಳಿದೆ. ಸಣ್ಣ ಸಂಸ್ಥೆಗೆ ಪಾಯಿಖಾನೆ ಕಟ್ಟಲು ಹಣವಿಲ್ಲದಿದ್ದರೆ ಸರ್ಕಾರ ಕಟ್ಟಿಕೊಡಲಿ. ಮಗುವನ್ನು ಹೊಡೆಯುವ ಸಂಸ್ಥೆಗೆ ಅಮೃತಶಿಲೆಯ ನೆಲವಿದ್ದರೂ ಬೀಗ ಹಾಕಲಿ.

ಮಕ್ಕಳ ಮಾನದ ಪ್ರಶ್ನೆಯೂ ಇದೆ. ಶ್ರೀಮಂತರು ಹುಟ್ಟುಹಬ್ಬಕ್ಕೆ ಅನಾಥಾಶ್ರಮಕ್ಕೆ ಹೋಗಿ ಊಟ ಬಡಿಸಿ, ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಫೋಟೋ ತೆಗೆಸಿ ಹಂಚುವುದು ಈಗ ದೊಡ್ಡ ಪುಣ್ಯವೆನಿಸಿದೆ. ಇಂಥ ಮಕ್ಕಳ ಗುರುತನ್ನು ಪ್ರಕಟಿಸಬಾರದೆಂದು ೭೪ನೇ ಕಲಮು ಹೇಳುತ್ತದೆ. ಊಟಕ್ಕಾಗಿ ಅಪರಿಚಿತರ ಮುಂದೆ ನಗಬೇಕಾದ ಮಗುವಿಗೆ ಆ ಊಟ ಎಷ್ಟು ರುಚಿಸೀತು?

ಸರ್ಕಾರಿ ಗೃಹಗಳೆಲ್ಲ ಸ್ವರ್ಗವೆಂದು ನಾವು ವಾದಿಸುವುದಿಲ್ಲ. ಸಮಾಜವಾದವೆಂದರೆ ಖಾಸಗಿ ಯಜಮಾನನ ಜಾಗದಲ್ಲಿ ಸರ್ಕಾರಿ ಗುಮಾಸ್ತನನ್ನು ಕೂರಿಸುವುದಲ್ಲ. ಅಧಿಕಾರವನ್ನು ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರಗಳೆಂಬ ನಾಲ್ಕು ಕಂಬಗಳಿಗೆ ಹಂಚಬೇಕೆಂದು ಡಾ. ಲೋಹಿಯಾ ಹೇಳುತ್ತಿದ್ದುದು ಇಂಥ ವಿಷಯದಲ್ಲಿಯೇ ಹೆಚ್ಚು ಅರ್ಥಪೂರ್ಣ. ದೆಹಲಿಯಲ್ಲಿ ಮಾಡಿದ ಕಾಯಿದೆ, ಬೆಂಗಳೂರಿನಲ್ಲಿ ಒತ್ತಿದ ಮೊಹರು, ಇವೆರಡೂ ನಮ್ಮ ಬೀದಿಯ ಗೃಹದ ಒಳಗೆ ಏನು ನಡೆಯುತ್ತಿದೆಯೆಂದು ತಿಳಿಯಲಾರವು. ಬೀದಿಯ ಜನರಿಗೆ ತಿಳಿಯುವ, ಕೇಳುವ ಅಧಿಕಾರವಿರಬೇಕು.

ಆದ್ದರಿಂದ ನಮ್ಮ ಒತ್ತಾಯಗಳು ಇವು. ಒಂದು, ಪ್ರತಿ ಜಿಲ್ಲೆಯಲ್ಲಿಯೂ ಸರ್ಕಾರದ ಸ್ವಂತ ಬಾಲಮಂದಿರಗಳಲ್ಲಿ ಹುಡುಗರಿಗೂ ಹುಡುಗಿಯರಿಗೂ ಸದಾ ಕೆಲವು ಹಾಸಿಗೆಗಳು ಖಾಲಿಯಿರಬೇಕು. ಆಗ ಮಾತ್ರ ಕೆಟ್ಟ ಗೃಹದ ಲೈಸೆನ್ಸನ್ನು ಅಂದೇ ಕಿತ್ತುಹಾಕಬಹುದು. ಎರಡು, ಜಿಲ್ಲೆಯ ಎಲ್ಲ ಗೃಹಗಳ ಹೆಸರು, ನೋಂದಣಿ ಸಂಖ್ಯೆ, ಕೊನೆಯ ತನಿಖೆಯ ತಾರೀಖು ತಾಲ್ಲೂಕು ಕಚೇರಿಯ ಮತ್ತು ಗ್ರಾಮ ಪಂಚಾಯತಿಯ ಗೋಡೆಯ ಮೇಲಿರಬೇಕು. ಮಕ್ಕಳ ಹೆಸರು ಬಿಟ್ಟು ತನಿಖಾ ವರದಿಗಳು ಪ್ರಕಟವಾಗಬೇಕು. ಮೂರು, ತನಿಖೆಗೆ ಇಲಾಖೆಗೆ ಹೊರತಾದವರು, ಮುನ್ಸೂಚನೆಯಿಲ್ಲದೆ ಹೋಗಿ ಮಕ್ಕಳೊಡನೆ ಪ್ರತ್ಯೇಕವಾಗಿ ಮಾತಾಡಬೇಕು. ನಾಲ್ಕು, ಮಗುವನ್ನು ಗೃಹಕ್ಕೆ ಸೇರಿಸುವ ಮೊದಲು ಆ ಕುಟುಂಬಕ್ಕೆ ಪ್ರಾಯೋಜಕತ್ವದ ಹಣ ಕೊಟ್ಟು ನೋಡಿದ್ದೇವೆಯೆ ಎಂಬುದಕ್ಕೆ ಮಕ್ಕಳ ಕಲ್ಯಾಣ ಸಮಿತಿ ಬರಹದಲ್ಲಿ ಉತ್ತರ ಕೊಡಬೇಕು. ವರಮಾನದ ಗೆರೆ ಮೇಲೇರಬೇಕು. ಐದು, ಹಗಲಿರುಳು ಮಕ್ಕಳ ಜೊತೆಗಿರುವ ಪಾಲಕಿಯರಿಗೂ ಅಡಿಗೆಯವರಿಗೂ ಗುತ್ತಿಗೆಯ ಬದಲು ಖಾಯಂ ನೌಕರಿ, ಬದುಕಲು ಸಾಲುವಷ್ಟು ಸಂಬಳ ಬೇಕು. ಆರು ತಿಂಗಳಿಗೊಬ್ಬರು ಬದಲಾಗುವ ಮನೆಯಲ್ಲಿ ಮಗು ಯಾರನ್ನು ನಂಬಿ ಬೆಳೆದೀತು?

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ನಮ್ಮ ಶಾಖೆಗಳ ಕಾರ್ಯಕರ್ತರು ತಮ್ಮ ತಾಲ್ಲೂಕಿನ ಗೃಹಗಳ ನೋಂದಣಿ ಪಟ್ಟಿಯನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಲಿ. ಪಟ್ಟಿಯಲ್ಲಿಲ್ಲದ ಗೃಹ ಕಂಡರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆಯಲಿ. ಮಗುವಿಗೆ ಹಿಂಸೆಯಾಗುತ್ತಿದೆಯೆಂದು ತಿಳಿದರೆ ಯಾರಾದರೂ ೧೦೯೮ಕ್ಕೆ ಟೆಲಿಫೋನು ಮಾಡಬಹುದು. ಹಾಗೆಯೇ, ಬಡತನದಿಂದ ಮಗುವನ್ನು ದೂರ ಕಳಿಸುವ ಯೋಚನೆಯಲ್ಲಿರುವ ತಾಯಂದಿರಿಗೆ ಪ್ರಾಯೋಜಕತ್ವದ ಅರ್ಜಿಯನ್ನು ಬರೆದುಕೊಟ್ಟು, ಅವರ ಜೊತೆ ಕಚೇರಿಗೆ ಹೋಗಿ, ಹಣ ಬರುವವರೆಗೆ ಕಚೇರಿಯ ಮೆಟ್ಟಿಲು ಇಳಿಯದಿರಲಿ. ನಮ್ಮ ಸಂವಿಧಾನದ ೩೯ನೇ ಅನುಚ್ಛೇದ ಮಕ್ಕಳು ಸ್ವಾತಂತ್ರ್ಯ ಮತ್ತು ಘನತೆಯಿಂದ ಬೆಳೆಯುವಂತೆ ಸರ್ಕಾರ ನೋಡಿಕೊಳ್ಳಬೇಕೆಂದು ಹೇಳುತ್ತದೆ. ಈ ಹೊಣೆಯನ್ನು ಲೈಸೆನ್ಸು ಬರೆದುಕೊಟ್ಟು ಯಾರಿಗೂ ವರ್ಗಾಯಿಸಲು ಬರುವುದಿಲ್ಲ.